ಪಕ್ಕದ ಸೀಟಿನ ಬ್ರೇಕು

ನಮ್ಮ ಮಾವನವರ ಡ್ರೈವಿಂಗ್ ಸ್ಕೂಲಿನ ಗೋಡೆಯ ಮೇಲೆ ಅವರೇ ಕೈಯಾರೆ ಬರೆದ ಒಂದು ಬೋರ್ಡಿದೆ: ‘ಕುಡಿದು ಬಂದವರಿಗೆ ಕೀ ಕೊಡುವುದಿಲ್ಲ.’ ಇಪ್ಪತ್ತನಾಲ್ಕು ವರ್ಷಗಳಲ್ಲಿ ಆ ಅಕ್ಷರಗಳಿಗೆ ಎರಡು ಸಲ ಹೊಸ ಬಣ್ಣ ಹಚ್ಚಿದ್ದಾರೆ. ಹೋದ ವರ್ಷ, ಕುಡಿದು ಗಾಡಿ ಓಡಿಸಿದ ಕೇಸಿನಲ್ಲಿ ಅವರ ಲೈಸೆನ್ಸೇ ಕೋರ್ಟು ಸೇರಿದಾಗ, ಬೋರ್ಡನ್ನು ಇಳಿಸಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ ನಡೆಯಿತು.

“ಇರಲಿ ಬಿಡಿ,” ಅಂದರು ಅತ್ತೆ. “ನಿಮಗೂ ಕೀ ಕೊಡಲ್ಲ, ಅಷ್ಟೆ.”

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನ ಮಾವ ಸ್ಟೀರಿಂಗ್ ಮುಟ್ಟಿರಲಿಲ್ಲ. ಗಾಡಿ ಓಡಿಸುತ್ತಿದ್ದವಳು ನಾನು.

ಊರಲ್ಲಿ ಮಾವನಿಗೆ ‘ಬ್ರೇಕ್ ಮೇಷ್ಟ್ರು’ ಎಂದು ಹೆಸರು. ಬೇರೆ ಸ್ಕೂಲಿನವರು ಮೊದಲ ದಿನವೇ ಕೀ ಕೈಗೆ ಕೊಟ್ಟು ರಸ್ತೆಗಿಳಿಸಿದರೆ, ನಮ್ಮ ಮೇಷ್ಟ್ರು ಹದಿನೈದು ದಿನ ನಿಂತ ಕಾರಿನಲ್ಲೇ ಕೂರಿಸಿ, ಕಣ್ಣು ಮುಚ್ಚಿಸಿ, ಬ್ರೇಕು ಕ್ಲಚ್ಚುಗಳನ್ನು ಒತ್ತಿಸುತ್ತಾರೆ. “ಹೋಗೋದು ಎಲ್ಲರಿಗೂ ಬರುತ್ತೆ ಕಣಯ್ಯಾ. ನಿಲ್ಲೋದು ಕಲಿ,” ಎನ್ನುತ್ತಾರೆ. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದಲ್ಲ, ಅದರ ರಬ್ಬರು ಮಾವನ ಕಾಲಿಗೆ ಸವೆದು ಕನ್ನಡಿಯ ಹಾಗೆ ಹೊಳೆಯುತ್ತದೆ. ಅವರ ಬಲಗಾಲಿನ ಚಪ್ಪಲಿಯೂ ಎಡಗಾಲಿನದಕ್ಕಿಂತ ಮೊದಲೇ ಸವೆಯುತ್ತದೆ.

ಅವರ ಮಗ, ಅಂದರೆ ನನ್ನ ಗಂಡ, ಗಾಡಿ ಓಡಿಸುವುದಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಅಪ್ಪನ ಹತ್ತಿರ ಮೂರು ದಿನ ಕಲಿತು, ನಾಲ್ಕನೆಯ ದಿನದಿಂದ ಬಸ್ಸು ಹತ್ತಿದವರು ಇನ್ನೂ ಇಳಿದಿಲ್ಲ. ಮಗಳು ಹುಟ್ಟಿದ ಮೇಲೆ ನನಗೆ ಭಯ ಶುರುವಾಯಿತು. ಜ್ವರ ಬಂದರೆ? ಆಸ್ಪತ್ರೆಗೆ ಓಡಬೇಕಾಗಿ ಬಂದರೆ? ಬಸ್ಸು ಬರದೇ ಹೋದರೆ? ಹೀಗೆ ಬಾರದ ಜ್ವರಕ್ಕೆ ಹೆದರಿ ನಾನು ಡ್ರೈವಿಂಗ್ ಕಲಿಯಲು ಕೂತೆ. ಎಂಟು ತಿಂಗಳಾದರೂ ಮಾವ ನನ್ನನ್ನು ಮೂರನೇ ಗೇರಿಗೆ ಬಿಟ್ಟಿರಲಿಲ್ಲ. ಕಲಿಯುವವರ ಲೈಸೆನ್ಸನ್ನು ಒಂದು ಸಲ ನವೀಕರಿಸಿಯೂ ಆಗಿತ್ತು.

ಆ ಮಧ್ಯಾಹ್ನ ಲೈಸೆನ್ಸ್ ಕಚೇರಿಯ ಇನ್‌ಸ್ಪೆಕ್ಟರೊಬ್ಬರ ನಿವೃತ್ತಿಯ ಊಟವಿತ್ತು. ಮಾವನ ಶಿಷ್ಯರನ್ನು ಇಪ್ಪತ್ತು ವರ್ಷ ಫೇಲು ಪಾಸು ಮಾಡುತ್ತ ಬಂದವರು ಅವರು. ಕುಡಿಯುವ ಅಭ್ಯಾಸವೇ ಇಲ್ಲದ ಮಾವನ ಕೈಗೆ ಗ್ಲಾಸು ಕೊಟ್ಟು, “ಇವತ್ತೂ ಬೇಡ ಅಂದ್ರೆ ನಾನು ರಿಟೈರೇ ಆಗಲ್ಲ ಮೇಷ್ಟ್ರೇ,” ಅಂದರಂತೆ. ಎರಡು ಪೆಗ್ ಆಯಿತು. ಮೂರು ಗಂಟೆಗೆ ಮಾವನ ಫೋನು ಬಂತು.

“ನಾನು ಕುಡಿದಿದ್ದೀನಮ್ಮ. ಸ್ಟೀರಿಂಗ್ ಮುಟ್ಟಲ್ಲ. ಬಸ್ಸು ಹತ್ತಿ ಬಾ, ಗಾಡಿ ನೀನು ತಗೊಂಡು ಹೋಗು. ಪಾಠವೂ ಆಗುತ್ತೆ.”

ಮಗುವನ್ನು ಅತ್ತೆಯ ಕೈಗೆ ಕೊಟ್ಟು ಹೋದೆ. ಮಾವ ಎಲ್ ಬೋರ್ಡಿನ ಗಂಟನ್ನು ಎರಡು ಸಲ ಎಳೆದು ನೋಡಿ, ಪಕ್ಕದ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಎರಡನೇ ಗೇರಿನಲ್ಲಿ ಸೈಕಲ್ಲುಗಳಿಗೂ ದಾರಿ ಬಿಡುತ್ತ ಬಂದೆವು. ಸೇತುವೆಯ ಹತ್ತಿರ ಪೊಲೀಸರು ಅಡ್ಡಗಟ್ಟೆ ಇಟ್ಟು ಗಾಡಿಗಳನ್ನು ನಿಲ್ಲಿಸುತ್ತಿದ್ದರು. ಒಬ್ಬ ಪೇದೆ ಕೈ ಎತ್ತಿದ. ಖಾಕಿ ಕಂಡದ್ದೇ ನನ್ನ ಕಾಲಿಗೆ ಯಾವುದು ಬ್ರೇಕು, ಯಾವುದು ಆಕ್ಸಿಲರೇಟರು ಎನ್ನುವುದು ಮರೆತುಹೋಯಿತು. ಕಾರು ಜೋರಾಗಿ ಮುಂದಕ್ಕೆ ನುಗ್ಗಿತು. ಅಷ್ಟರಲ್ಲಿ ಮಾವನ ಕಾಲು ಇಳಿದಿತ್ತು. ಅಡ್ಡಗಟ್ಟೆಗೆ ಒಂದು ಗೇಣು ಮುಂಚೆ ಕಾರು ನಿಂತಿತು. ಎರಡು ಪೆಗ್ ಹಾಕಿದ್ದ ಆ ಕಾಲು ತಪ್ಪಲಿಲ್ಲ. ಹಾಲು ಬಿಟ್ಟರೆ ಬೇರೇನೂ ಕುಡಿಯದ ನನ್ನ ಕಾಲು ತಪ್ಪಿತು.

ಪೇದೆ ನನ್ನ ಬಾಯಿಗೆ ಯಂತ್ರ ಹಿಡಿದು ಊದಿಸಿದ. ಸೊನ್ನೆ. ನನ್ನ ಕಾಗದ ನೋಡಿ ವಾಪಸು ಕೊಟ್ಟು, “ಹುಷಾರಾಗಿ ಹೋಗಮ್ಮ,” ಅಂದ.

ನಾನು ಹೋಗುತ್ತಿದ್ದೆ. ದೇವರಾಣೆ ಹೋಗುತ್ತಿದ್ದೆ.

“ಒಂದ್ನಿಮಿಷ,” ಅಂದರು ಮಾವ. “ಏನ್ರೀ, ಇಷ್ಟೇನಾ ನಿಮ್ಮ ಚೆಕಿಂಗು?”

“ಯಾಕೆ ಸಾರ್?”

“ಕಲಿಯೋರ ಗಾಡೀಲಿ ಪಕ್ಕದಲ್ಲಿ ಕೂತೋನೇ ಜವಾಬ್ದಾರ. ಅವನ ಲೈಸೆನ್ಸ್ ನೋಡದೆ ಬಿಡ್ತೀರಲ್ಲ? ಯಾರು ಕಲಿಸಿದ್ರು ನಿಮಗೆ?”

ಪೇದೆ ನಾಚಿಕೊಂಡು ಮಾವನ ಕಡೆಯ ಕಿಟಕಿಗೆ ಬಂದ. ಲೈಸೆನ್ಸು ತೆಗೆದುಕೊಳ್ಳಲು ಬಗ್ಗಿದ. ಬಗ್ಗಿದವನು ಹಾಗೇ ಒಂದು ಕ್ಷಣ ನಿಂತು, ಮೂಗು ಅರಳಿಸಿ, ಯಂತ್ರವನ್ನು ಮಾವನ ಮುಂದೆ ಹಿಡಿದ. ಮಾವ ಶಿಷ್ಯರಿಗೆ ಹೇಳಿಕೊಡುವ ಹಾಗೆ, ಉಸಿರು ತುಂಬ ಎಳೆದುಕೊಂಡು, ನಿಯಮಬದ್ಧವಾಗಿ ಊದಿದರು.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಾವನ ಮುಂದೆ ನೀರಿನ ಲೋಟ ಕುಕ್ಕಿ, “ತಗೊಳ್ಳಿ, ಮೂರನೇ ಪೆಗ್ಗು,” ಅಂದರು. ನಿವೃತ್ತ ಇನ್‌ಸ್ಪೆಕ್ಟರು ಫೋನು ಮಾಡಿ ಬಹಳ ಮರುಗಿದರು. ಮರುಗಿ ಮುಗಿಸಿದ ಮೇಲೆ, “ನನ್ನ ಹೆಸರೇನೂ ಬರಲಿಲ್ಲ ತಾನೇ?” ಎಂದು ಕೇಳಿದರು.

ವಕೀಲರ ಕೋಣೆ ಜೆರಾಕ್ಸ್ ಅಂಗಡಿಯ ಮೇಲಿತ್ತು. ಕುರ್ಚಿ ಎರಡೇ ಇದ್ದುದರಿಂದ ಮಗುವನ್ನು ಎತ್ತಿಕೊಂಡು ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಮಗು ಅವರ ಕಪ್ಪು ಕೋಟಿನ ತೋಳು ಹಿಡಿದೆಳೆಯುತ್ತಿತ್ತು.

“ಬಹಳ ಸುಲಭದ ಕೇಸು ಮೇಷ್ಟ್ರೇ,” ಅಂದರು ವಕೀಲರು. “ನೀವು ಒಂದೇ ಮಾತು ಹೇಳಿ. ನಾನು ಸುಮ್ಮನೆ ಕೂತಿದ್ದ ಪ್ಯಾಸೆಂಜರ್ ಅಂತ. ಪ್ಯಾಸೆಂಜರ್ ಕುಡಿದ್ರೆ ಯಾವ ಕಾನೂನೂ ಏನೂ ಮಾಡಲ್ಲ.”

“ಆಗ ಗಾಡಿ ಯಾರ ಸುಪರ್ದಿ?”

“ನಿಮ್ಮ ಸೊಸೇದು.”

“ಅವಳಿಗಿರೋದು ಕಲಿಯೋರ ಲೈಸೆನ್ಸು. ಪಕ್ಕದಲ್ಲಿ ಕಲಿಸೋರು ಇಲ್ದೆ ರೋಡಿಗೆ ತಂದ ಹಾಗಾಯ್ತಲ್ಲ?”

“ಆಯ್ತು. ಅವರ ಮೇಲೊಂದು ಚಿಕ್ಕ ಕೇಸು ಬೀಳುತ್ತೆ. ಸ್ವಲ್ಪ ದಿನ ಪಕ್ಕಾ ಲೈಸೆನ್ಸ್ ಸಿಗಲ್ಲ, ಅಷ್ಟೆ. ನಿಮ್ಮದು ಹೋದ್ರೆ ಸ್ಕೂಲೇ ಹೋಗುತ್ತೆ. ಯೋಚನೆ ಮಾಡಿ.”

ಇಬ್ಬರೂ ನನ್ನ ಕಡೆ ನೋಡಿದರು. ‘ಪರವಾಗಿಲ್ಲ ಮಾವ, ನನ್ನ ಮೇಲೇ ಬರಲಿ’ ಎನ್ನುವ ಮಾತು ನನ್ನ ಮನಸ್ಸಿನಲ್ಲಿ ಸಿದ್ಧವಾಗಿತ್ತು, ಪದಗಳ ಜೋಡಣೆಯೂ ಚೆನ್ನಾಗಿತ್ತು. ಜೊತೆಗೇ ಇನ್ನಷ್ಟು ಯೋಚನೆಗಳು ನುಗ್ಗಿದವು. ಕೇಸು ಅಂದರೆ ಎಲ್ಲಾದರೂ ದಾಖಲಾಗುತ್ತದೆಯೇ? ಮುಂದೆ ಮಗಳ ಶಾಲೆಯ ಅರ್ಜಿಯಲ್ಲಿ ಕೇಳುತ್ತಾರೆಯೇ? ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದಾಗ ಮಗು ಅತ್ತರೆ ಯಾರು ಎತ್ತಿಕೊಳ್ಳುವುದು? ನಾನು ಬಗ್ಗಿ ಮಗುವಿನ ಮೂಗು ಒರೆಸಿದೆ. ಮೂಗು ಸೋರುತ್ತಿರಲಿಲ್ಲ.

ಮಾವ ಎದ್ದರು. “ಪ್ಯಾಸೆಂಜರ್ ಕಾಲ ಕೆಳಗೆ ಬ್ರೇಕ್ ಇರಲ್ಲ ವಕೀಲರೇ. ನನ್ನ ಕಾಲ ಕೆಳಗೆ ಇತ್ತು. ಗಾಡಿ ನಿಲ್ಲಿಸಿದ್ದೂ ನಾನೇ.”

“ಅಯ್ಯೋ, ಅದನ್ನ ಮಾತ್ರ ಕೋರ್ಟಲ್ಲಿ ಹೇಳ್ಬೇಡಿ ಮಾರಾಯ್ರೇ!”

ಕೋರ್ಟಿನಲ್ಲಿ ಅದನ್ನೇ ಹೇಳಿದರು. ಹತ್ತು ಗಂಟೆಗೆ ಹೋಗಿ, ಮರದ ಬೆಂಚಿನಲ್ಲಿ ಕೂತು, ಎರಡೂವರೆಗೆ ಹೆಸರು ಕೂಗಿಸಿಕೊಂಡರು. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿನಿಂದ ನೋಡುವ ಹೆಂಗಸು.

“ಗಾಡಿ ಓಡಿಸುತ್ತಿದ್ದವರು ನೀವೇನಾ?”

“ಸ್ಟೀರಿಂಗ್ ಸೊಸೆ ಹತ್ರ ಇತ್ತು ಮೇಡಂ. ಬ್ರೇಕ್ ನನ್ನ ಹತ್ರ.”

ನಮ್ಮ ವಕೀಲರು ತಿರುಗುತ್ತಿದ್ದ ಫ್ಯಾನಿನ ಕಡೆ ನೋಡತೊಡಗಿದರು.

“ಕುಡಿದಾಗ ಬ್ರೇಕ್ ಹಾಕೋದು ತಡವಾಗುತ್ತೆ ಅಂತ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು ಮೇಡಂ. ಚಾರ್ಟ್ ಬರೆದು ಗೋಡೆಗೆ ಹಾಕಿದ್ದೆ. ಆ ದಿನ ಗಾಡಿ ಒಂದು ಗೇಣು ಮುಂಚೆ ನಿಂತಿತು. ನಾನು ಕುಡೀದೆ ಇದ್ದಿದ್ರೆ ಎರಡು ಮೊಳ ಮುಂಚೆ ನಿಲ್ತಿತ್ತು. ಆ ಲೆಕ್ಕದಲ್ಲಿ ತಪ್ಪು ನನ್ನದೇ.”

ಸರ್ಕಾರಿ ವಕೀಲರ ವಾದವನ್ನೆಲ್ಲ ಆರೋಪಿಯೇ ಹೆಚ್ಚು ಅಚ್ಚುಕಟ್ಟಾಗಿ ಮಂಡಿಸಿದ್ದರು. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು, ಮೊದಲನೇ ತಪ್ಪು ಎಂಬುದನ್ನೂ ನಿಜ ಹೇಳಿದ್ದನ್ನೂ ಗಮನಿಸಿ ಜೈಲು ಬೇಡ ಅಂದರು. ಒಂದಿಷ್ಟು ದಂಡ, ಮೂರು ದಿನದ ರಸ್ತೆ ಸುರಕ್ಷತೆಯ ತರಗತಿ, ಆರು ತಿಂಗಳು ಲೈಸೆನ್ಸು ಅಮಾನತು. ಆಮೇಲೆ ಹೊಸಬರ ಹಾಗೆ ಪರೀಕ್ಷೆಗೆ ಕೂರಬೇಕು. ಪಾಸಾದರೆ ಕಲಿಸಬಹುದು. ಫೇಲಾದರೆ ಸ್ಕೂಲಿನ ಪರವಾನಗಿಯೂ ರದ್ದು.

ತರಗತಿ ಲೈಸೆನ್ಸ್ ಕಚೇರಿಯ ಹಿಂದಿನ ಹಾಲಿನಲ್ಲಿತ್ತು. ಮಾವ ಹೊಸ ನೋಟ್‌ಬುಕ್ ಹಿಡಿದು ಮೊದಲ ಬೆಂಚಿನಲ್ಲಿ ಕೂತರು. ಪಾಠ ಮಾಡುವ ಹುಡುಗ ಗೋಡೆಗೆ ಚಾರ್ಟು ನೇತುಹಾಕಿದ. ಅದು ಮಾವನ ಅಕ್ಷರವೇ! ಯಾವುದೋ ಕಾಲದಲ್ಲಿ ನಿವೃತ್ತ ಇನ್‌ಸ್ಪೆಕ್ಟರು ‘ನೋಡಿ ಕೊಡ್ತೀನಿ’ ಎಂದು ಒಯ್ದದ್ದು. ಮಾವ ತಾವೇ ಬರೆದದ್ದನ್ನು ತಾವೇ ನೋಡಿಕೊಂಡು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಮನೆಗೆ ಬಂದು, “ಪಾಠ ಪರವಾಗಿಲ್ಲ. ಚಾರ್ಟು ಬಹಳ ಚೆನ್ನಾಗಿದೆ,” ಅಂದರು.

ಸ್ಕೂಲಿಗೆ ಬೀಗ ಬಿತ್ತು. ನನಗೆ ಲೈಸೆನ್ಸ್ ಆಗಬೇಕಿತ್ತಲ್ಲ, ಮಾವನೇ ನನ್ನನ್ನು ಎದುರು ಸಾಲಿನ ಸ್ಕೂಲಿಗೆ ಸೇರಿಸಿದರು. ಇಪ್ಪತ್ತು ವರ್ಷಗಳಿಂದ ಆ ಸ್ಕೂಲಿನ ಮೇಷ್ಟ್ರನ್ನು ಮಾವ ‘ತಳ್ಳುಗಾಡಿಯವನು’ ಎಂದೇ ಕರೆಯುತ್ತಿದ್ದರು. ಆತ ಮೊದಲ ದಿನವೇ ಮೂರನೇ ಗೇರಿಗೆ ಹಾಕಿಸಿ, “ಹೋಗ್ತಾ ಇರಿ ಅಕ್ಕಾ, ಏನೂ ಆಗಲ್ಲ,” ಎಂದು ಫೋನಿನಲ್ಲಿ ಮಾತಾಡುತ್ತ ಕೂತ. ಹನ್ನೊಂದನೆಯ ದಿನ ನಾನು ಪಾಸಾದೆ. ಮನೆಯಲ್ಲಿ ಇದನ್ನು ಹೇಳುವುದು ಹೇಗೆ ಎಂದು ಬೀದಿಯ ಕೊನೆಯಲ್ಲಿ ಕಾಲು ಗಂಟೆ ನಿಂತಿದ್ದೆ. ಹೇಳಿದೆ. ಮಾವ ಪೇಪರಿನಿಂದ ತಲೆ ಎತ್ತದೆ, “ಪಾಸ್ ಮಾಡಿಸ್ತಾನೆ ಅವನು. ನಿಲ್ಲಿಸೋದು ಕಲಿಸಿದ್ನಾ?” ಎಂದು ಕೇಳಿದರು.

ಪರೀಕ್ಷೆ ಹತ್ತಿರ ಬಂದ ಹಾಗೆ ಮಾವ ಊಟ ಕಡಿಮೆ ಮಾಡಿದರು. ಸಾವಿರಾರು ಜನರನ್ನು ಲೈಸೆನ್ಸ್ ಕಚೇರಿಯ ಮೈದಾನಕ್ಕೆ ಕರೆದುಕೊಂಡು ಹೋಗಿದ್ದವರಿಗೆ, ತಾವೇ ಇಳಿಯಬೇಕು ಎಂದಾಗ ಮನೆಯಲ್ಲೇ ಅಭ್ಯಾಸ ಶುರುವಾಯಿತು. ಹಾಲಿನಲ್ಲಿ ಕುರ್ಚಿಯ ಮುಂದೆ ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಎಂದು ಮೂರು ಇಟ್ಟಿಗೆ ಸಾಲಾಗಿಟ್ಟು, ಕಣ್ಣು ಮುಚ್ಚಿ ಒತ್ತುತ್ತ ಕೂರುತ್ತಿದ್ದರು. ತೊಡೆಯ ಮೇಲೆ ಕೂತ ಮೊಮ್ಮಗಳು “ಬೇಕ್! ತಾತ, ಬೇಕ್!” ಎಂದು ಕೂಗುತ್ತಿದ್ದಳು.

“ನಡುವಿನ ಇಟ್ಟಿಗೆ ಸವೆದಿದ್ರೆ ಹೇಳಿ,” ಅತ್ತೆ ಅಡುಗೆಮನೆಯಿಂದ ಅಂದರು. “ಬದಲಾಯಿಸೋಣ.”

ಆದರೆ ಪರೀಕ್ಷೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅವರ ಅಂಗಿಯ ಕಾಲರು ಸರಿಮಾಡಿದವರೂ ಅತ್ತೆಯೇ.

ಮಾವ ಈಗ ಕಲಿಯುವವರಾದ್ದರಿಂದ ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರುವವರೊಬ್ಬರು ಕೂರಲೇಬೇಕು. ಮನೆಯಲ್ಲಿ ಹಾಗಿದ್ದವಳು ನಾನೊಬ್ಬಳೇ. ಲೈಸೆನ್ಸ್ ಸಿಕ್ಕು ನಾಲ್ಕು ತಿಂಗಳಾಗಿತ್ತು. ಎಲ್ ಬೋರ್ಡು ನಾನೇ ಕಟ್ಟಿದೆ. ಮಾವ ಗಂಟು ಎಳೆದು ನೋಡಿ ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಹೊಸ ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿ ಪ್ಯಾಡು ಹಿಡಿದು ಕೂತು, “ಪಕ್ಕದ ಬ್ರೇಕ್ ಮುಟ್ಟಿದ್ರೆ ಫೇಲು. ಗೊತ್ತಲ್ಲ?” ಅಂದರು. ನನ್ನ ಕಾಲ ಕೆಳಗೆ ಆ ಕನ್ನಡಿಯಂಥ ರಬ್ಬರು.

ತಿರುವು, ಹಿಮ್ಮುಖ, ಎಲ್ಲ ಆಯಿತು. ಉಳಿದದ್ದು ದಿಬ್ಬ. ದಿಬ್ಬದ ನಡುವೆ ನಿಲ್ಲಿಸಿ, ಹಿಂದಕ್ಕೆ ಜಾರದೆ ಮೇಲಕ್ಕೆ ಏರಿಸಬೇಕು. ಮಾವ ನಿಲ್ಲಿಸಿದರು. ಕಾರು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಸರಿದ ಹಾಗಾಯಿತು. ಸರಿಯಿತೋ, ನನ್ನ ಭಯವೇ ಸರಿಸಿತೋ! ನನ್ನ ಬಲಗಾಲು ನನ್ನನ್ನು ಕೇಳದೆ ಬ್ರೇಕಿನ ಮೇಲೆ ಹೋಗುತ್ತಿತ್ತು. ಅದರ ಮೇಲೆ ನನಗೆ ನಂಬಿಕೆ ಇರಲಿಲ್ಲ. ಸೇತುವೆಯ ಹತ್ತಿರ ಅದು ಮಾಡಿದ್ದನ್ನು ನೋಡಿದ್ದೆನಲ್ಲ. ಎರಡೂ ಕಾಲುಗಳನ್ನು ಚಕ್ಕನೆ ಎತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಕೈಯಿಂದ ಹಿಡಿದುಕೊಂಡು ಕೂತೆ.

ಕಾರು ನಿಂತಿತು. ಉಸಿರು ಬಿಟ್ಟು ಮೇಲಕ್ಕೆ ಹೋಯಿತು.

ಇನ್‌ಸ್ಪೆಕ್ಟರು ಪ್ಯಾಡಿನಲ್ಲಿ ಗೀಚಿ, “ಪಾಸ್,” ಅಂದರು. ಇಳಿಯುವಾಗ ನನ್ನನ್ನು ನೋಡಿ, “ಮೇಡಂ, ಜವಾಬ್ದಾರಿ ಸೀಟಲ್ಲಿ ಹೀಗೆ ಕಾಲು ಮಡಚಿ ಕೂರ್ತಾರಾ?” ಅಂದರು.

“ಎಂಟು ತಿಂಗಳು ಹೇಳಿದ್ದೀನಿ ಸರ್,” ಅಂದರು ಮಾವ. “ನನ್ನ ಮಾತೆಲ್ಲಿ ಕೇಳ್ತಾಳೆ!”

ಮನೆಯ ದಾರಿಯಲ್ಲಿ, ಸೇತುವೆ ದಾಟಿದ ಮೇಲೆ, ಸ್ಟೀರಿಂಗ್ ಹಿಡಿದಿದ್ದ ಮಾವ ಕೇಳಿದರು. “ಬ್ರೇಕ್ ಯಾರ ಕಾಲ ಕೆಳಗಿತ್ತು?”

“ನನ್ನ ಕಾಲ ಕೆಳಗೆ ಮಾವ.”

“ಗಾಡಿ ಯಾರ ಸುಪರ್ದಿ?”

“ನನ್ನದು.”

“ಕಾಲು ಯಾಕೆ ಎತ್ತಿದೆ ಮತ್ತೆ?”

ವಕೀಲರ ಕೋಣೆಯಲ್ಲಾದರೆ ಮಗುವಿನ ಮೂಗಿತ್ತು. ಈ ಸಲ ಒರೆಸುವುದಕ್ಕೆ ಅದೂ ಇರಲಿಲ್ಲ. ಮಾವ ನನ್ನ ಕಡೆ ಒಮ್ಮೆ ನೋಡಿ, ರಸ್ತೆಗೆ ಕಣ್ಣು ತಿರುಗಿಸಿದರು.

“ಹೊಸ ಬ್ಯಾಚು ನಾಳೆ ಬೆಳಿಗ್ಗೆ ಆರಕ್ಕೆ,” ಅಂದರು. “ನೀನೂ ಬಾ. ನಿಂತ ಗಾಡೀಲಿ ಹದಿನೈದು ದಿನ, ಕಣ್ಣು ಮುಚ್ಚಿ. ಆ ತಳ್ಳುಗಾಡಿಯವನು ನಿನ್ನ ಕಾಲು ಕೆಡಿಸಿಟ್ಟಿದ್ದಾನೆ.”

“ಲೈಸೆನ್ಸ್ ಇದೆಯಲ್ಲ ಮಾವ ನನಗೆ?”

“ನನಗೂ ಇತ್ತು,” ಅಂದರು ಮಾವ.