ಕೊಬ್ಬು ಯಾರಿಗೆ?

ಕಿರ್‍ರ್‍ರ್ ಎಂದು ಕೀಲಿ ಕಡಿಯುವ ಯಂತ್ರ ಕಿರುಚಿದರೆ ಅಂಗಡಿ ಮುಂದೆ ನಿಂತವರು ಹಲ್ಲು ಕಚ್ಚುತ್ತಾರೆ. ಅವಳು ಮಾತ್ರ ಕಣ್ಣು ಮಿಟುಕಿಸುವುದಿಲ್ಲ. ಮೂವತ್ತು ವರ್ಷ ಆ ಸದ್ದಿನ ಪಕ್ಕದಲ್ಲೇ ಕೂತು, ಬೀದಿಯವರ ಬಾಯಲ್ಲಿ ಅವಳ ಹೆಸರೇ ಬೀಗದಕ್ಕ ಆಗಿಹೋಗಿದೆ. ಅಪ್ಪ ಕಲಿಸಿದ ಕಸುಬು. ಅಣ್ಣನ ಕೈಗೆ ಒಗ್ಗಲಿಲ್ಲ, ತಂಗಿಯ ಕೈಗೆ ಒಲಿಯಿತು. ಅಣ್ಣ ಕುರ್ಚಿಯಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಾನೆ.

ಕಡ್ಡಿಯಂಥ ಹೆಂಗಸು. ಸಕ್ಕರೆ ಕಾಯಿಲೆ ಎಂದಾಗ ಯಾರೂ ನಂಬಲಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಲಿವರ್ ತುಂಬ ಕೊಬ್ಬು" ಎಂದರು. ಅದನ್ನು ಕೇಳಿ ಅಣ್ಣ ತೊಡೆ ತಟ್ಟಿಕೊಂಡು ನಕ್ಕ. "ನಿಂಗೆ ಕೊಬ್ಬು ಅಂತ ಚಿಕ್ಕಂದಿನಿಂದ ಹೇಳ್ತಾ ಬಂದೆ. ಈಗ ಫೋಟೋನೂ ಬಂತು!"

ಆ ನಗು ಇವತ್ತಿಗೂ ಅವಳೊಳಗೆ ಮುಳ್ಳಿನಂತೆ ಚುಚ್ಚುತ್ತದೆ.

ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಇನ್ಸುಲಿನ್ ಅನ್ನೋದು ಕೀಲಿ. ನಿಮ್ಮ ಕೀಲಿ ಇದೆ, ಬೀಗ ಅದರ ಮಾತು ಕೇಳ್ತಿಲ್ಲ."

"ಎಣ್ಣೆ ಬಿಟ್ಟ ಬೀಗ," ಅವಳು ತಟ್ಟನೆ ಅಂದಳು. ಬೀಗ ಬಿಗಿಯಾಯಿತೆಂದು ಜನ ಅಡುಗೆ ಎಣ್ಣೆ ಸುರಿಯುತ್ತಾರೆ. ಧೂಳು ಅಂಟಿ ಮೇಣವಾಗುತ್ತದೆ. ಆಮೇಲೆ ಕೀಲಿ ಸರಿಯಿಲ್ಲವೆಂದು ಹೊಸದು ಕಡಿಸಲು ಬರುತ್ತಾರೆ. ಸರಿಮಾಡಬೇಕಾದದ್ದು ಬೀಗವನ್ನು.

ಡಾಕ್ಟರಮ್ಮ ನಕ್ಕರು. "ಈ ಮಾತ್ರೆ ಬೀಗ ಸಡಿಲ ಮಾಡುತ್ತೆ. ಲಿವರ್‌ನಲ್ಲಿ ಕೂತ ಕೊಬ್ಬು ಕಡಿಮೆಯಾಗುತ್ತೆ, ಚರ್ಮದ ಕೆಳಗೆ ಸ್ವಲ್ಪ ಸೇರುತ್ತೆ. ಅಲ್ಲಿದ್ರೆ ಅಷ್ಟು ಕೆಡುಕಿಲ್ಲ. ತೂಕ ಏರಬಹುದು. ಕಾಲು ಊದಿದ್ರೆ, ಉಸಿರು ಕಟ್ಟಿದ್ರೆ ಕೂಡಲೇ ಬನ್ನಿ."

ಆರು ತಿಂಗಳಲ್ಲಿ ಸಕ್ಕರೆ ಇಳಿಯಿತು, ತೂಕ ಮೂರು ಕಿಲೋ ಏರಿತು. ದಿನಾ ಬೆಳಿಗ್ಗೆ ಹೆಬ್ಬೆರಳಿನಿಂದ ಕಾಲು ಒತ್ತಿ ನೋಡುತ್ತಿದ್ದಳು, ಊದಿರಲಿಲ್ಲ. ಬರುವ ವಾರ ಮತ್ತೆ ಸ್ಕ್ಯಾನ್. ಅಪ್ಪ ಇದೇ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡು, ಕೊನೆಕೊನೆಗೆ ಬೀಗಗಳನ್ನು ಬೆರಳಿನಿಂದ ತಡವಿ ಗುರುತಿಸುತ್ತಿದ್ದುದನ್ನು ಅವಳು ಮರೆತಿರಲಿಲ್ಲ.

ಇವತ್ತು ಊಟವಾದ ಮೇಲೆ ಒಂದು ಕೀಲಿ ಅರ್ಧ ಕಡಿದು, ಮಾತ್ರೆ ನೆನಪಾಗಿ ಡ್ರಾಯರ್ ಎಳೆದರೆ ಮಾತ್ರೆಯ ಪಟ್ಟಿಯೇ ಇಲ್ಲ.

"ಅಣ್ಣಾ, ನನ್ನ ಮಾತ್ರೆ?"

"ಮೋರಿಗೆ ಹಾಕ್ದೆ. ಕನ್ನಡಿ ನೋಡ್ಕೊಂಡಿದ್ಯಾ? ಕೊಬ್ಬು ಇಳಿಸೋಕೆ ಕೊಟ್ಟ ಮಾತ್ರೆ ಕೊಬ್ಬು ಏರಿಸ್ತಾ ಇದೆ!"

"ಇಳೀತಿರೋದು ಒಳಗೆ, ಏರಿರೋದು ಹೊರಗೆ. ಡಾಕ್ಟರಮ್ಮನ್ನ ಒಂದು ಮಾತು ಕೇಳಿದ್ಯಾ?"

"ಅವರನ್ನ ಯಾಕೆ ಕೇಳ್ಬೇಕು? ನಂಗೆ ಕಣ್ಣಿಲ್ವಾ?"

"ಅಪ್ಪಂಗೂ ಇತ್ತು!"

ಯಂತ್ರ ನಿಂತಿತ್ತು, ಆದರೂ ಕೀಲಿಗೆ ಕಾಯುತ್ತಿದ್ದ ಗಿರಾಕಿ ಹಲ್ಲು ಕಚ್ಚಿ ಹಿಂದೆ ಸರಿದ.

"ಸಕ್ಕರೆ ಇಳಿದಿದೆ, ಇನ್ನು ಸಾಕು ಅಂತ ಅಪ್ಪನ ಮಾತ್ರೆ ನಿಲ್ಸಿದ್ದೂ ನೀನೇ. ಆಗ ನಾನು ಬಾಯಿ ಮುಚ್ಕೊಂಡಿದ್ದೆ."

"ಅದು ಬೇರೆ, ಇದು ಬೇರೆ. ನಿನ್ನ ಒಳ್ಳೇದಕ್ಕೇ..."

ಅವಳು ಕೈಮೇಲಿನ ಹಿತ್ತಾಳೆ ಪುಡಿ ಕೊಡವಿದಳು. ಡಾಕ್ಟರಮ್ಮ ಬರೆದ ಚೀಟಿ ಡ್ರಾಯರಿನ ತಳದಲ್ಲಿತ್ತು. ಮಡಚಿ ಮುಷ್ಟಿಯಲ್ಲಿ ಹಿಡಿದಳು. ಅರ್ಧ ಕಡಿದ ಕೀಲಿಯನ್ನು ಅಣ್ಣನ ಅಂಗೈಗೆ ಕುಕ್ಕಿದಳು. "ಉಳಿದದ್ದು ನೀನೇ ಕಡಿ. ಕಣ್ಣಿದೆಯಲ್ಲ."

ಅಣ್ಣ ಗಿರಾಕಿಯ ಕಡೆ ತಿರುಗಿ ಪೆಚ್ಚಾಗಿ ನಕ್ಕ. "ನೋಡಿದ್ರಾ? ಇದಕ್ಕೇ ನಾನು ಕೊಬ್ಬು ಅನ್ನೋದು. ಅಲ್ಲ ಕಣೇ, ನಾನು ಹೇಳೋದಾದ್ರೂ ಪೂರ್ತಿ..."

ಅವಳು ಆಗಲೇ ರಸ್ತೆ ದಾಟಿ, ಔಷಧಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಳು.