ಅಪ್ಪ ಕೆರೆದು ತೆಗೆದ ಹನಿಗಳು

ನಮ್ಮಪ್ಪ ಕೊಟ್ಟೂರಿನಲ್ಲಿ ಬೋರ್ಡು ಬರೆಯುತ್ತಿದ್ದರು. ಹರಪನಹಳ್ಳಿಯಿಂದ ಹಡಗಲಿಯವರೆಗೆ ಬೀಜದಂಗಡಿ, ಖಾನಾವಳಿ, ಲಾರಿಯ ಹಿಂಬದಿ, ಎಲ್ಲೆಲ್ಲೂ ಅವರ ಅಕ್ಷರಗಳೇ. ಅವರಿಗಿದ್ದ ಶತ್ರು ಒಂದೇ, ಸೋರುವ ಬಣ್ಣ. ಅಕ್ಷರದ ಬುಡದಿಂದ ಒಂದು ಹನಿ ಇಳಿದರೂ ಇಡೀ ಬೋರ್ಡು ಒರೆಸಿ ಮತ್ತೆ ಬರೆಯುತ್ತಿದ್ದರು. ಗಿರಾಕಿ ಅವಸರ ಮಾಡಿದರೆ ಹಾಗೇ ಕೊಟ್ಟು ಕಳಿಸುತ್ತಿದ್ದರು, ಆದರೆ ಅಂಥ ಬೋರ್ಡಿನ ಬಲಮೂಲೆಯಲ್ಲಿ ತಮ್ಮ ಹೆಸರು ಹಾಕುತ್ತಿರಲಿಲ್ಲ.

ಅಂಥವರ ಮಗಳು ನಾನು, ಬಣ್ಣ ಸುರಿಯುವವಳಾದೆ. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಮಗ್ಗಿನಿಂದ ಬಣ್ಣ ಸುರಿದು, ಮೊರ ಆಡಿಸಿದಂತೆ ಅತ್ತಿತ್ತ ವಾಲಿಸುತ್ತೇನೆ. ಕೂಡ್ಲಿಗಿ ಕಡೆಯ ಕೆಮ್ಮಣ್ಣು, ಹಗರಿ ಹೊಳೆಯ ಮರಳು, ಉಚ್ಚಂಗಿದುರ್ಗದ ಗುಡ್ಡ ಅದರಲ್ಲಿ ಮೂಡುತ್ತವೆ. ಗುಡ್ಡ ಗುಡ್ಡದ ಹಾಗೆ ಕಾಣುವುದಿಲ್ಲ, ಅದು ಬೇರೆ ಮಾತು. ಅಪ್ಪ ಬಾಗಿಲಲ್ಲಿ ನಿಂತು, "ಡಬ್ಬಿ ಉರುಳಿ ಬಿತ್ತೇನಬೇ?" ಎಂದು ಕೇಳಿ ಹೋಗಿಬಿಡುತ್ತಿದ್ದರು. ಹೋದ ವರ್ಷ ನನ್ನ ಮೊದಲ ಪ್ರದರ್ಶನ ಊರಲ್ಲೇ ಆಗಲಿ ಎಂದು ಹಟ ಹಿಡಿದದ್ದು ಅವರ ಸಲುವಾಗಿಯೇ. ಒಂದೇ ಒಂದು ಸಲ ಅವರು ಇದನ್ನು ಚಿತ್ರ ಎಂದು ಒಪ್ಪಬೇಕಿತ್ತು.

ಸಮುದಾಯ ಭವನದ ಊಟದ ಹಜಾರದಲ್ಲಿ ಹಿಂದಿನ ದಿನವೇ ಚಿತ್ರಗಳನ್ನು ತೂಗುಹಾಕಿದ್ದೆ. ಬೆಳಿಗ್ಗೆ ಹೋಗುವಷ್ಟರಲ್ಲಿ ಅಪ್ಪ ಬಂದುಬಿಟ್ಟಿದ್ದರು. ಸ್ಟೂಲಿನ ಮೇಲೆ ಕೂತು, ಬ್ಲೇಡು ಹಿಡಿದು, ಚಿತ್ರಗಳ ಕೆಳಗಿನ ಅಂಚಿನಲ್ಲಿ ಗಟ್ಟಿಯಾಗಿ ಇಳಿಬಿದ್ದಿದ್ದ ಹನಿಗಳನ್ನು ಕೆರೆದು ತೆಗೆಯುತ್ತಿದ್ದರು. ಹೆಚ್ಚುಕಡಿಮೆ ಎಲ್ಲ ಮುಗಿದಿತ್ತು. ಅಂಚುಗಳು ತಗಡಿನ ಬೋರ್ಡಿನಷ್ಟು ನುಣುಪಾಗಿದ್ದವು.

"ಏನ್ ಮಾಡಿದೆಪ್ಪಾ! ಅವನ್ನ ಬೇಕಂತಲೇ ಬಿಟ್ಟಿದ್ದೆ!" ಎಂದು ಕಿರುಚಿದೆ.

"ಸೋರಿತ್ತವ್ವಾ," ಎಂದರು. "ಮಂದಿ ಬರ್ತಾರ. ನಿನ್ನ ಕೆಲಸ ನೋಡಿ ಯಾರೂ ನಗಬಾರ್ದು."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇನ್ನೂ ಏನೇನೋ ಅನ್ನುವವಳಿದ್ದೆ. ಅಷ್ಟರಲ್ಲಿ ಅವರು ಕೆರೆದ ಬಣ್ಣದ ಚೂರುಗಳನ್ನೆಲ್ಲ ಒಂದು ಕಾಗದದಲ್ಲಿ ಕೂಡಿಸಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದರು. ಕಾಗದ ಇಸಿದುಕೊಂಡು ಬ್ಯಾಗಿನಲ್ಲಿ ಇಟ್ಟುಕೊಂಡೆ.

ಬ್ಲೇಡು ತಾಗದ ಚಿತ್ರ ಒಂದೇ ಉಳಿದಿತ್ತು, ಉಚ್ಚಂಗಿದುರ್ಗದ್ದು. ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತರು. ಅದರ ಹನಿಗಳನ್ನು ಬೆರಳಿನಿಂದ ಸವರಿ ನೋಡಿದರು.

"ಹೆಸರು ಯಾಕ ಹಾಕಿಲ್ಲ?"

"ನೀನ ಹೇಳ್ತಿದ್ದೆಲ್ಲ, ಸೋರಿದ್ದಕ್ಕ ಹಾಕಬಾರ್ದಂತ."

ಬೇರೆಯವರ ಅಂಗಿ ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ಅಪ್ಪನಿಗೆ ಈಗಲೂ ಸಣ್ಣ ಕುಂಚ. ಅದನ್ನು ತೆಗೆದು, ತಿದ್ದಲು ಬೇಕಾದೀತೆಂದು ನಾನು ತಂದಿಟ್ಟಿದ್ದ ಬಿಳಿ ಬಣ್ಣದಲ್ಲಿ ಅದ್ದಿ, ಬಲಮೂಲೆಯಲ್ಲಿ ನನ್ನ ಹೆಸರು ಬರೆದರು. ನನ್ನದು ಸುರಿಯುವ ಬಣ್ಣ, ಬೋರ್ಡಿನ ಬಣ್ಣಕ್ಕಿಂತ ತೆಳು. ಕೊನೆಯ ಅಕ್ಷರದ ಬುಡದಿಂದ ಒಂದು ಹನಿ ಜಾರಿತು. ಅವರ ಎಡಗೈ ತಾನಾಗಿ ಹೆಗಲ ಮೇಲಿನ ಟವೆಲಿಗೆ ಹೋಗಿ, ಅಲ್ಲೇ ನಿಂತಿತು.

"ಇರ್ಲಿ," ಎಂದರು ಅಪ್ಪ. "ಇಳೀಲಿ ಬಿಡು."