ಬದನೆಕಾಯಿ ಮದುವೆಯ ಬೀಗರು

ಇವತ್ತು ಬೆಳಗ್ಗೆ ಕಮಲಾಪುರದ ಮೇಲೆ ಮಂಜು ಕವುಚಿಕೊಂಡು ಕೂತಿದೆ. ಬಾಳೆಯ ಎಲೆಗಳಿಂದ ತೊಟತೊಟ ನೀರು. ಕಲಬುರಗಿಯ ಮೊದಲ ಬಸ್ಸಿನಿಂದ ಇಳಿದ ಪುತಳಾಬಾಯಿ ಮನಸ್ಸಿನಲ್ಲೇ ಶರಣಬಸಪ್ಪ ದೇವರಿಗೆ ಕೈಮುಗಿದು ಅಂಗನವಾಡಿಯ ಬಾಗಿಲು ತೆಗೆಯುತ್ತಾರೆ. ಇಂದು ಇಲ್ಲಿ ಮದುವೆ. ಬದನೆಕಾಯಿ ವರ, ಹುಳಿಹುಳಿ ಪುಂಡಿಸೊಪ್ಪಿನ ಕಟ್ಟು ವಧು. ಮಕ್ಕಳೆಲ್ಲ ಬೀಗರು.

ಮೊದಲ ಸಲ ಈ ಆಟ ಎಡವಟ್ಟಾಗಿತ್ತು. ಅರಿಶಿನದ ದಾರ ಕಟ್ಟಿದ ಜೋಡಿಯನ್ನೇ ಹೆಚ್ಚಿ ಒಲೆಗೆ ಹಾಕಿದ್ದರು. "ಮದುಮಗಳನ್ನ ಕುದಿಸ್ಯಾರ ಅಂತ ಎಲ್ಲಾ ಕೂಸುಗಳು ಹೋ ಅಂತ ಅತ್ತುವ್ರೀ. ಮದುವಿ ಮನಿ ಸಾವಿನ ಮನಿ ಆತು!" ಎಂದು ಪುತಳಾಬಾಯಿ ನಗುತ್ತಾರೆ. ಈಗ ವಧುವರರು ಗೋಡೆಯ ಗೂಡಿನಲ್ಲಿ ಕ್ಷೇಮ. ಒಲೆಯ ಮೇಲಿರುವುದು ಬೇರೆ ಬದನೆಕಾಯಿ, ಬೇರೆ ಪುಂಡಿಸೊಪ್ಪು, "ಸಂಬಂಧಿಕರಲ್ಲ."

ಮಕ್ಕಳ ಊಟವೇ ತನ್ನ ಪೂಜೆ ಎಂದುಕೊಂಡ ಜೀವ ಇದು. ರೇಶನ್ ತಡವಾದ ದಿನ ಮನೆಯ ಹಿಟ್ಟೇ ರೊಟ್ಟಿಯಾಗುತ್ತದೆ. "ಉಣ್ಣು ಅಂತ ಬೈದ್ರ ಬಾಯಿ ಮುಚ್ಕೋತಾವ. ಆಟಕ್ಕ ಹಚ್ಚಿದ್ರ ತಾವ ತೆರೀತಾವ."

ಒಂದು ಬಾಯಿ ಮಾತ್ರ ತೆರೆದಿಲ್ಲ. ನಾಲ್ಕು ವರ್ಷದ ಅಫ್ರೀನ್‌ಗೆ ಬಿಸ್ಕಿಟ್ ಬಿಟ್ಟರೆ ಬೇರೇನೂ ಸೇರದು. ತೂಕ ಇಳಿಯುತ್ತಲೇ ಇದೆ. ಈ ತಿಂಗಳೂ ಏರದಿದ್ದರೆ ಕಲಬುರಗಿಯ ಆಸ್ಪತ್ರೆಗೆ ಸೇರಿಸಬೇಕು. ತಾಯಿ ಹಲೀಮಾ ಜೊತೆಗಿರಬೇಕು; ನಂದೂರಿನ ಬೇಳೆ ಮಿಲ್ಲಿನಲ್ಲಿ ಆಕೆಯ ಕೆಲಸ ಬೇರೆಯವರ ಪಾಲಾಗುತ್ತದೆ.

ಮೊಮ್ಮಗಳು ಅಫ್ರೀನ್‌ಳನ್ನು ಬಿಡಲು ಬಂದ ನಬಿಸಾಬ್ ಕಿಚಾಯಿಸುತ್ತಾರೆ: "ಬಾಯಾರ, ನಮ್ಮ ನವಾಬರ ಮಗಳು ನಿಮ್ಮ ಬದನಿಕಾಯಿಗೆ ಸಲಾಮ್ ಹೊಡ್ಯಾಂಗಿಲ್ರೀ!"

"ಸಲಾಮ್ ಬ್ಯಾಡ ಕಾಕಾ, ಒಂದು ತುತ್ತು ಉಂಡ್ರ ಸಾಕು."

ಪಂಗ್ತಿ ಕೂತಿದೆ. ಈ ಆಟಕ್ಕೊಂದು ನೇಮ: ಬೀಗರು ಕೊಟ್ಟ ತುತ್ತು ಮೊದಲು ಉಣ್ಣಬೇಕು, ಆಮೇಲೆ ತನ್ನ ಕೈಯಿಂದ ಅವರಿಗೊಂದು ತುತ್ತು ತಿರುಗಿ ಉಣಿಸಬೇಕು. ಅಲ್ಲಿಯವರೆಗೆ ಸಾಲ. ಅಫ್ರೀನ್ ಇಷ್ಟು ದಿನವೂ ತನ್ನ ತುತ್ತನ್ನು ಹೊಸ್ತಿಲ ಕೋಳಿಗೆ ಹಾಕಿದವಳು.

"ಬೀಗತಿ, ನಂದೊಂದು ತುತ್ತು ನಿನ್ನ ಮ್ಯಾಲ ಬಾಕಿ ಐತಿ ನೋಡವಾ," ಎಂದು ರೊಟ್ಟಿ-ಪುಂಡಿಪಲ್ಲೆಯನ್ನು ಅವಳ ಅಂಗೈಗಿಡುತ್ತಾರೆ ಪುತಳಾಬಾಯಿ. "ಬಾಕಿ ಬೀಗತಿ! ಬಾಕಿ ಬೀಗತಿ!" ಎಂದು ಮಕ್ಕಳು ಕುಣಿಯುತ್ತಾರೆ. ಪುತಳಾಬಾಯಿ ಮಾತ್ರ ಅಫ್ರೀನ್ ಕಡೆ ನೋಡುವುದೇ ಇಲ್ಲ. ನೋಡಿದರೆ ಕೂಸು ಹಟ ಹಿಡಿಯುತ್ತದೆಂದು ಗೊತ್ತು. ಎಲ್ಲರಿಗೂ ಬಡಿಸಿ, ಗೋಡೆಗೊರಗಿ ಕೂರುತ್ತಾರೆ.

ಯಾರೋ ಸೆರಗು ಜಗ್ಗುತ್ತಾರೆ. ಅಫ್ರೀನ್! ಹುಳಿಗೆ ಒಂದು ಕಣ್ಣು ಮುಚ್ಚಿದೆ, ಗಲ್ಲದ ತುಂಬ ಪಲ್ಲೆ. ಪುಟ್ಟ ಕೈಯನ್ನು ಮೇಲೆತ್ತುತ್ತಾಳೆ. ಅದರಲ್ಲಿ ಒಂದು ತುತ್ತು ರೊಟ್ಟಿ.

ಪುತಳಾಬಾಯಿ ಬಾಯಿ ತೆರೆಯುತ್ತಾರೆ.